ಬೆನ್ನ ಹಿಂದಿನ ದೋಷ

"ಇನ್ನೂ ಬರ್ಲಿಲ್ವಾ?" ಎನ್ನುತ್ತ ಮ್ಯಾನೇಜರು ಬೆನ್ನ ಹಿಂದೆ ಬಂದು ನಿಂತದ್ದೇ ತಡ, ಗೋದಾಮಿನ ಗುಮಾಸ್ತೆಯ ಬೆರಳು ರಿಪೋರ್ಟಿನ ಬಟನ್ನನ್ನು ಟಕಟಕನೆ ಒತ್ತತೊಡಗಿತು.

ಪಕ್ಕದಲ್ಲಿದ್ದ ಇಂಜಿನಿಯರ್ ಹುಡುಗಿಯ ಕಣ್ಣು ಆ ಬೆರಳಿನ ಮೇಲೇ ನೆಟ್ಟಿತು. ಡೇಟಾಬೇಸು ಆಗಾಗ ಯಾಕೆ ಆಮೆಯಾಗುತ್ತದೆಂದು ಹುಡುಕಲು ಬಂದವಳು ಅವಳು. ಬೆಳಗಿನಿಂದ ರಿಪೋರ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಈಗ ಒತ್ತಿದಾಗಲೆಲ್ಲ ಸರ್ವರ್ ಹಳೆಯದು ಮುಗಿಯುವ ಮುಂಚೆಯೇ ಅದೇ ಲೆಕ್ಕವನ್ನು ಮತ್ತೆ ಮೊದಲಿಂದ ಶುರು ಮಾಡುತ್ತಿತ್ತು; ರಿಪೋರ್ಟು ಬರುತ್ತಲೇ ಇರಲಿಲ್ಲ.

"ನೋಡಿದ್ರಾ? ಈಯಮ್ಮನ ಕೈಗೆ ಸಿಕ್ಕಿದ್ರೆ ಹೀಗೇ. ನಾಳೆಯಿಂದ ಈ ಸೀಟಿಗೆ ಬೇರೆಯವರು," ಎಂದರು ಮ್ಯಾನೇಜರು.

ಇನ್ನೂ ಬಟನ್ ಒತ್ತುತ್ತಲೇ ಇದ್ದ ಗುಮಾಸ್ತೆಯ ಕೈಯ ಮೇಲೆ ಇಂಜಿನಿಯರ್ ತನ್ನ ಅಂಗೈ ಇಟ್ಟಳು. "ಒಂದೇ ಸಲ ಸಾಕು, ಅಕ್ಕ." ಆಮೇಲೆ ಖಾಲಿ ಕುರ್ಚಿಯೊಂದನ್ನು ಮೇಜಿನ ಆಚೆ ಬದಿಗೆ ಎಳೆದಳು. "ಸಾರ್, ನೀವು ಇಲ್ಲಿ ಕೂತ್ಕೊಳ್ಳಿ. ದೋಷ ಇರೋದು ನೀವು ನಿಂತಿರೋ ಜಾಗದಲ್ಲಿ."