ನವಿಲಿನ ಪರದೆ

ದುರ್ಗಾಂಬಿಕಾ ದುಪಟ್ಟಾವನ್ನು ಮೂಗಿನ ತನಕ ಎಳೆದುಕೊಂಡು ನ್ಯಾಮತಿಯ ಶಾಹೀನ್ ಬ್ಯೂಟಿ ಪಾರ್ಲರಿನ ಮೆಟ್ಟಿಲು ಹತ್ತಿದಳು. ಕಳ್ಳಿಯನ್ನು ಹಿಡಿಯಲು ಬಂದವಳು ತಾನೇ ಕಳ್ಳಿಯಂತೆ ಕಾಣುತ್ತಿದ್ದಳು.

ಕಳುವಾದದ್ದು ಬಂಗಾರವಲ್ಲ, ಕೆಲಸದ ಹುಡುಗಿಯರು. ಒಬ್ಬಿಬ್ಬರಲ್ಲ, ಎರಡು ವರ್ಷದಲ್ಲಿ ಏಳು ಮಂದಿ!

ಹೊನ್ನಾಳಿಯಲ್ಲಿ ಪಾರ್ಲರ್ ಇಟ್ಟಿದ್ದ ದುರ್ಗಾಂಬಿಕಾಳ ಕೈ ಎಂದರೆ ಸಾಮಾನ್ಯದ ಕೈಯಲ್ಲ. ಅವಳು ಹುಬ್ಬು ತೀಡಿದರೆ ಎಮ್ಮೆಯೂ ಕನ್ನಡಿ ಕೇಳಬೇಕು. ಅವಳು ಸಿಂಗರಿಸಿದ ಮದುಮಗಳನ್ನು ಹೆತ್ತ ತಾಯಿಯೇ ‘ಯಾರ ಮನೆಯವಳಮ್ಮಾ ನೀನು?’ ಎಂದು ಕೇಳಿದ್ದುಂಟು. ಒಂದು ಸಲವಲ್ಲ, ಹದಿನಾಲ್ಕು ಸಲ.

ಇಂಥ ಕೈಯ ಪಕ್ಕದಲ್ಲಿ ಇನ್ನೊಂದು ಕೈ ನಿಲ್ಲುತ್ತಿರಲಿಲ್ಲ. ದಾರ ಹಿಡಿಯಲೂ ಬಾರದ ಹುಡುಗಿಯರನ್ನು ತಂದು, ತನ್ನ ಹುಬ್ಬುಗಳನ್ನೇ ಬಲಿಕೊಟ್ಟು ಕಲಿಸುತ್ತಿದ್ದಳು. ಕಲಿಕೆ ಮುಗಿದ ದಿನ ಅವಳದೊಂದು ಪದ್ಧತಿ. ಹುಡುಗಿಯನ್ನೇ ಕುರ್ಚಿಯಲ್ಲಿ ಕೂರಿಸಿ ಮದುಮಗಳಂತೆ ಸಿಂಗರಿಸುವುದು, ನವಿಲಿನ ಚಿತ್ರದ ಹಸಿರು ಪರದೆಯ ಮುಂದೆ ನಿಲ್ಲಿಸಿ ಫೋಟೊ ತೆಗೆಯುವುದು, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು. ಹುಡುಗಿಗೆ ಅದೇ ಸರ್ಟಿಫಿಕೇಟು, ಅಂಗಡಿಗೆ ಪುಕ್ಕಟೆ ಜಾಹೀರಾತು.

ಅದಾಗಿ ತಿಂಗಳು ತುಂಬುವುದರೊಳಗೆ ಫೋನು ಬರುತ್ತಿತ್ತು. ಏಳು ಹುಡುಗಿಯರು, ಒಂದೇ ಮಾತು: “ಅಕ್ಕಾ, ನಾಳೆಯಿಂದ ಬರಾಕಾಗಲ್ಲ. ಮನೇಲಿ ಬ್ಯಾಡ ಅಂತಾರೆ.”

ಯಾವ ಮನೆ ಎಂಬುದು ನಿನ್ನೆ ಗೊತ್ತಾಯಿತು. ಹೂವು ಮಾರುವ ಪ್ರೇಮಮ್ಮ ನ್ಯಾಮತಿಯ ಮಗಳ ಮನೆಯಿಂದ ಸುದ್ದಿ ಹೊತ್ತು ತಂದಿದ್ದಳು.

“ಹೋದ ತಿಂಗಳು ಬಿಟ್ಟು ಹೋದ್ಲಲ್ಲ ನಿನ್ನ ನಾಗರತ್ನ, ಆ ಶಾಹೀನ್ ಅಂಗಡ್ಯಾಗೆ ಕುಂತಿದ್ಲು ಕಣಮ್ಮಾ! ಮೊಣಕೈ ಮಟ ಮೆಹಂದಿ. ನನ್ನ ನೋಡಿದ್ದೇ ತಡ, ಮುಖ ತಿರುಗಿಸಿಬಿಟ್ಲು.”

ನನ್ನ ವಿದ್ಯೆ ಸಾಲದೆಂದು ಅಲ್ಲಿ ಮೆಹಂದಿ ಬೇರೆ ಕಲಿಯುತ್ತಿದ್ದಾಳೆ! ದುರ್ಗಾಂಬಿಕಾಳ ರಕ್ತ ಎಷ್ಟು ಕುದಿಯಿತೆಂದರೆ ಅದರ ಹಬೆಯಲ್ಲೇ ನಾಲ್ವರಿಗೆ ಫೇಶಿಯಲ್ ಮಾಡಬಹುದಿತ್ತು. ಉಳಿದಿದ್ದವಳು ಎಂಟನೆಯವಳು, ಸವಳಂಗದ ಪುಷ್ಪಾ ಒಬ್ಬಳೇ. ಮೊನ್ನೆಯಷ್ಟೇ ಅವಳ ಫೋಟೊ ಸ್ಟೇಟಸ್ಸಿಗೆ ಹೋಗಿತ್ತು. ಈ ಭಾನುವಾರ ಚನ್ನಗಿರಿಯಲ್ಲೊಂದು, ನಲ್ಲೂರಿನಲ್ಲೊಂದು, ಹೊನ್ನಾಳಿಯಲ್ಲೊಂದು ಮದುವೆ ಒಪ್ಪಿಕೊಂಡಾಗಿದೆ. ಪುಷ್ಪಾಳೂ ಕೈಬಿಟ್ಟರೆ ಅಂಗಡಿಗೆ ಬೀಗ ಜಡಿಯುವುದೊಂದೇ ಬಾಕಿ. ಅದಕ್ಕೇ ಈ ದಂಡಯಾತ್ರೆ.

ಒಳಗೆ ಕಂಡದ್ದು ಶಾಹೀನ್ ಒಬ್ಬಳೇ. ಗಿರಾಕಿಯನ್ನು ಕೂರಿಸಿದವಳೂ ಅವಳೇ, ಕೂದಲು ಗುಡಿಸಿದವಳೂ ಅವಳೇ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ದುಪಟ್ಟಾ ಜಾರುವ ಮೊದಲೇ ದುರ್ಗಾಂಬಿಕಾ ಅವಸರಪಡಿಸಿ ಮುಖಕ್ಕೆ ಮುಲ್ತಾನಿ ಮಿಟ್ಟಿ ಹಚ್ಚಿಸಿಕೊಂಡಳು. ಇನ್ನು ಹೆತ್ತ ತಾಯಿಗೂ ಗುರುತು ಸಿಗದು.

“ಕೆಲಸಕ್ಕೆ ಯಾರೂ ಇಲ್ಲೇನ್ರೀ?”

“ಎಲ್ಲಿ ನಿಲ್ತಾರಕ್ಕಾ? ನನ್ನ ಹಣೇಬರಾನೇ ಹಂಗೈತೆ.”

ನಾಟಕದವಳು! “ಹೊನ್ನಾಳಿ ಕಡೆ ಹುಡುಗೀರು ಬರ್ತಾರಂತೆ?”

ಶಾಹೀನ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಬರ್ತಾರೆ. ಏಳು ಜನ ಬಂದ್ರು ಇಲ್ಲೀವರೆಗೆ. ನಮ್ಮ ಅಕ್ಕಾರಿಗೆ ಮಾತ್ರ ಹೇಳಬ್ಯಾಡ್ರಿ ಅಂತ ಕೈ ಮುಗೀತಾರೆ, ಪಾಪ. ಈ ಕುರ್ಚಿ ಮೇಲೆ ಒಂದು ಸಲ ಕುಂತ್ರೆ ಅವರ ಜೀವನಾನೇ ಬದಲಾಗ್ತೈತೆ ನೋಡ್ರಿ!”

ತಪ್ಪೊಪ್ಪಿಗೆ! ದುರ್ಗಾಂಬಿಕಾ ಎದ್ದು ಜುಟ್ಟು ಹಿಡಿಯಬೇಕು, ಅಷ್ಟರಲ್ಲಿ ಶಾಹೀನ್ ಭುಜ ಅದುಮಿ ಕೂರಿಸಿದಳು. “ಮಾತು ಸಾಕ್ರಿ, ಮಿಟ್ಟಿ ಒಣಗ್ತಾ ಐತೆ. ಬಾಯಿ ತೆಗೆದ್ರೆ ಬಿರಿತೈತೆ.”

ಇದೇ ಮಾತನ್ನು ದುರ್ಗಾಂಬಿಕಾ ಸಾವಿರ ಗಿರಾಕಿಗಳಿಗೆ ಹೇಳಿದ್ದಳು. ತುಟಿ ಕಚ್ಚಿ ಕೂತಳು. ಒಳಕೋಣೆಯ ಬಾಗಿಲ ಪರದೆಯ ಹಿಂದೆ ಬಳೆಗಳ ಸದ್ದಾಯಿತು. ಪರದೆ ಸರಿಯಿತು. ನಾಗರತ್ನ ಹೊರಗೆ ಬಂದಳು.

ಮೊಣಕೈವರೆಗೆ ಮೆಹಂದಿ. ಮೈತುಂಬ ರೇಷ್ಮೆ. ಹಣೆಯಲ್ಲಿ ಬಾಸಿಂಗವೊಂದು ಕಡಿಮೆ.

ಜೊತೆಗೆ ದಪ್ಪ ಮೂಗುಬೊಟ್ಟಿನ ಹೆಂಗಸೊಬ್ಬಳು. ಜಗಳೂರಿನ ಸೊಕ್ಕೆಯ ಉಚ್ಚಂಗೆಮ್ಮ, ನಾಳೆಯಿಂದ ನಾಗರತ್ನಳ ಅತ್ತೆ. ಅವಳು ಶಾಹೀನಳ ಮುಂದೆ ಫೋನು ಹಿಡಿದಳು.

“ಇವತ್ತು ಸಂಜೆ ಆರತಕ್ಷತೆಗೆ ಈ ಫೋಟದಾಗೆ ಹೆಂಗೈತೋ ಹಂಗೇ ಮುಖ ಮಾಡ್ಬೇಕು ನೋಡವ್ವ. ಇದನ್ನ ನೋಡೇ ನನ್ನ ಮಗ ಒಪ್ಪಿದ್ದು. ನಮ್ಮ ಕಡೆ ಹೆಣ್ಣು ಸಿಗದೆ ಗಂಡುಹುಡುಗ್ರು ಮೂವತ್ತೈದು ದಾಟ್ಯಾರೆ. ಮದುವೆ ಗ್ರೂಪಿನಾಗೆ ಇಂಥ ಫೋಟ ಬಂದ್ರೆ ಒಂದೇ ದಿನಕ್ಕೆ ಹತ್ತು ಮನೆಯೋರು ಹೆಣ್ಣು ಕೇಳಾಕೆ ಓಡ್ತಾರೆ. ಹುಡುಗಿ ಬಾಳ ಮುಗ್ಧೆ ಐತೆ. ಪಾರ್ಲರ್ ಗೀರ್ಲರ್ ಮೆಟ್ಟಿಲು ತುಳಿದೋಳಲ್ಲಂತೆ.”

ದುರ್ಗಾಂಬಿಕಾ ಕಣ್ಣಂಚಿನಲ್ಲಿ ಫೋನು ನೋಡಿದಳು. ಫೋಟೊದ ಕೆಳಗೆ ತಾನು ಹಾಕಿದ್ದ ಅಂಗಡಿಯ ಹೆಸರನ್ನು ಯಾರೋ ಕತ್ತರಿಸಿದ್ದರು. ಹಿಂದಿನ ಹಸಿರು ಪರದೆಯ ನವಿಲನ್ನು ಕತ್ತರಿಸಲು ಅವರಿಗೆ ಹೊಳೆದಿರಲಿಲ್ಲ.

ಮಿಟ್ಟಿಯೊಳಗಿನ ಆ ಕಣ್ಣುಗಳನ್ನು ನಾಗರತ್ನ ಗುರುತಿಸಿದಳು. ಅತ್ತೆಯ ಬೆನ್ನ ಹಿಂದೆ ಮೆಹಂದಿಯ ಕೈಗಳನ್ನು ಜೋಡಿಸಿ, ತಲೆ ಅಲ್ಲಾಡಿಸಿ ಬೇಡಿಕೊಂಡಳು. ದುರ್ಗಾಂಬಿಕಾ ಬಾಯಿ ಬಿಡಲಿಲ್ಲ. ಆದರೂ ಮಿಟ್ಟಿ ಹಣೆಯಿಂದ ಗಲ್ಲದವರೆಗೆ ಬಿರಿಯಿತು.

“ಮೊನ್ನೆ ಇನ್ನೊಂದು ಬಂದೈತೆ, ಇದಕ್ಕಿಂತ ಚೆಂದ,” ಉಚ್ಚಂಗೆಮ್ಮ ಫೋಟೊ ಸರಿಸಿದಳು. ಮತ್ತೆ ಅದೇ ನವಿಲು. “ನನ್ನ ತಮ್ಮ ರೇವಣ್ಣ ಮಗನ್ನ ಕರ್ಕೊಂಡು ಬೆಳಿಗ್ಗೇನೇ ಸವಳಂಗಕ್ಕೆ ಹೋಗ್ಯಾನೆ. ಈ ಹೊತ್ತಿಗೆ ಮಾತು ಮುಗಿದಿರಬೇಕು.”

ದುರ್ಗಾಂಬಿಕಾಳ ಮಡಿಲಲ್ಲಿ ಫೋನು ನಡುಗಿತು.

“ಅಕ್ಕಾ,” ಎಂದಳು ಪುಷ್ಪಾ, “ನಾಳೆಯಿಂದ ಬರಾಕಾಗಲ್ಲ. ಮನೇಲಿ ಬ್ಯಾಡ ಅಂತಾರೆ.”