ಠಾಕುರ್ಲಿ ಟು ನೈರೋಬಿ

“ನಾಲ್ಕು ಗಂಟೆಗಿಂತ ಒಂದು ನಿಮಿಷ ಜಾಸ್ತಿಯಾದ್ರೂ ನಾನು ಬರುವುದಿಲ್ಲ. ಕೂತು ಕೂತು ಮಂಡಿ ಹಿಡ್ಕೊಳ್ತದೆ,” ಎಂದಳು ಅಜ್ಜಿ ಜಲಜಾಕ್ಷಿ.

ಮೊಮ್ಮಗಳು ಸಂಯುಕ್ತಾ ಸೈಬರ್ ಕೆಫೆಯಿಂದ ತಂದ ವಿಮಾನದ ವೇಳಾಪಟ್ಟಿಯ ಹಾಳೆಯನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಳು. ಸಂಜೆಯೊಳಗೆ ಏಜೆಂಟನಿಗೆ ಹ್ಞೂಂ ಎನ್ನದಿದ್ದರೆ ಎರಡೂ ಸೀಟು ಕೈತಪ್ಪುತ್ತವೆ. ಅತ್ತ ನೈರೋಬಿಯಲ್ಲಿ ಅಜ್ಜಿಯ ತಂಗಿ ಸುಂದರಿ ಕಾಯುತ್ತಿದ್ದಾಳೆ. ಮದುವೆಯಾಗಿ ಹಡಗು ಹತ್ತಿ ಹೋದವಳು. ದಡ ಮುಟ್ಟಲು ಹತ್ತು ದಿನ ಹಿಡಿದಿತ್ತಂತೆ. ಅಕ್ಕತಂಗಿ ಮುಖ ನೋಡಿ ನಲವತ್ತು ವರ್ಷ. ಏಳು ಸಮುದ್ರ ಹಾರುವ ಕುದುರೆಯ ಕಥೆ ಹೇಳಿ ತನ್ನನ್ನು ಬೆಳೆಸಿದ ಅಜ್ಜಿ, ಒಂದೇ ಒಂದು ಸಮುದ್ರಕ್ಕೆ ಹೀಗೆ ಹೆದರುವುದೇ!

“ಎಷ್ಟು ದೂರ ಉಂಟು?”

“ನಾಲ್ಕೂವರೆ ಸಾವಿರ ಕಿಲೋಮೀಟರ್.”

“ದೇವರೇ! ನಡುವೆ ಎಲ್ಲೆಲ್ಲಿ ನಿಲ್ತದೆ?”

“ಎಲ್ಲೂ ಇಲ್ಲ ಅಜ್ಜಿ. ಡಬಲ್ ಫಾಸ್ಟ್!”

“ಕೊಡು ಇಲ್ಲಿ.” ಮೂವತ್ತು ವರ್ಷ ಠಾಕುರ್ಲಿ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನ ಟೈಮ್‌ಟೇಬಲ್ ಓದಿದ ಕಣ್ಣು. ಬಿಡುವ ಹೊತ್ತು, ಮುಟ್ಟುವ ಹೊತ್ತು ಸಿಕ್ಕರೆ ಅಜ್ಜಿಗೆ ಬೇರೇನೂ ಬೇಡ. “ಬಿಡುವುದು ಬೆಳಿಗ್ಗೆ ಐದು ಹತ್ತು. ಮುಟ್ಟುವುದು ಎಂಟು ನಲವತ್ತು. ಮೂರೂವರೆ ಗಂಟೆ! ಮಾರಾಯ್ತಿ, ಇಲ್ಲಿಂದ ಪುಣೆಗೆ ಬಸ್ಸಲ್ಲಿ ಹೋದ್ರೆ ಇದಕ್ಕಿಂತ ಜಾಸ್ತಿ ಆಗ್ತದೆ. ಇಷ್ಟು ಹತ್ತಿರ ಇಟ್ಕೊಂಡು ದೂರ ದೂರ ಅಂತ ಫೋನಲ್ಲಿ ಅಳ್ತಾಳಲ್ಲ, ಆ ಬಿನ್ನಾಣಗಿತ್ತಿ!”

ಆ ಲೆಕ್ಕ ಸರಿಯಲ್ಲವೆಂದು ಹೇಳಲು ಸಂಯುಕ್ತಾ ಹೊರಟಳು. ಮಂಡಿಯ ನೆನಪೇ ಇಲ್ಲದೆ ಅಜ್ಜಿ ಆಗಲೇ ಸ್ಟೂಲ್ ಹತ್ತಿ ಅಟ್ಟದ ಸೂಟ್‌ಕೇಸ್ ಎಳೆಯುತ್ತಿದ್ದಳು. “ಹಪ್ಪಳ ಕಟ್ಟಬೇಕು. ಮಿಡಿ ಉಪ್ಪಿನಕಾಯಿ. ಅವಳಿಗೆ ಅಬ್ಬಲಿಗೆ ಹೂ ಅಂದ್ರೆ ಪ್ರಾಣ, ಮೂರೂವರೆ ಗಂಟೆಗೆ ಬಾಡ್ತದಾ?” ಈ ಸಂಭ್ರಮಕ್ಕೆ ಯಾರು ಕಲ್ಲು ಹಾಕುವುದು! ಸಂಯುಕ್ತಾ ಏಜೆಂಟನ ನಂಬರ್ ಒತ್ತಿದಳು.

“ಒಂದು ನಿಮಿಷ,” ಅಜ್ಜಿ ಹಾಳೆಯ ಎರಡನೇ ಸಾಲಿಗೆ ಬಂದಿದ್ದಳು. “ಬರುವಾಗ ರಾತ್ರಿ ಒಂಬತ್ತು ಇಪ್ಪತ್ತಕ್ಕೆ ಬಿಟ್ಟು ಬೆಳಿಗ್ಗೆ ಐದು ಐವತ್ತಕ್ಕೆ... ಎಂಟೂವರೆ ಗಂಟೆ? ಇದೆಂತದಿದು?”

ಇನ್ನು ಮುಚ್ಚಿಡುವಂತಿರಲಿಲ್ಲ. “ಎರಡೂ ಕಡೆ ಆರೇ ಗಂಟೆ ಅಜ್ಜಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅದಕ್ಕೇ ಹಾಗೆ ಕಾಣ್ತದೆ. ಸಾರಿ.”

“ಹಾಂ, ಬೋಲೋ ಬೇಟಾ,” ಫೋನಿನಲ್ಲಿ ಏಜೆಂಟ್ ಕೇಳುತ್ತಿದ್ದ. ಸಂಯುಕ್ತಾ ಫೋನಿಗೆ ಕೈ ಅಡ್ಡ ಹಿಡಿದಳು.

ಅಜ್ಜಿ ಹಾಳೆಯನ್ನು ಮತ್ತೊಮ್ಮೆ ಕಣ್ಣ ಹತ್ತಿರ ಹಿಡಿದಳು. ಎರಡು ಸಾಲಿನ ಮೇಲೂ ಮೆಲ್ಲಗೆ ಬೆರಳಾಡಿಸಿದಳು. ಆಮೇಲೆ ನಾಲ್ಕಾಗಿ ಮಡಚಿ ಸೂಟ್‌ಕೇಸಿನ ತಳಕ್ಕೆ ಹಾಕಿದಳು.

“ಹ್ಞೂಂ ಅನ್ನು ಅವನಿಗೆ. ಗಡಿಯಾರ ಗಿಡಿಯಾರ ಎಂತದೂ ಅಲ್ಲ, ಸರಿಯಾಗಿಯೇ ಬರೆದಿದ್ದಾರೆ. ತಂಗಿ ಹತ್ರ ಹೋಗುವಾಗ ಮೂರೂವರೆ, ಬಿಟ್ಟು ಬರುವಾಗ ಎಂಟೂವರೆ.”