ಕಣ್ಣಿಗೊಂದು ಲೈಸೆನ್ಸ್

ಸೋಮವಾರದ ಮೀಟಿಂಗಿನಲ್ಲಿ ಅಗರಬತ್ತಿ ಕಂಪನಿಯವರೆಲ್ಲ ಎಂದಿನಂತೆ ಎಡಗಣ್ಣು ಮುಚ್ಚಿಕೊಂಡು ಕೂತಿದ್ದರು. ಮಾರಾಟದ ಗ್ರಾಫ್ ತೋರಿಸುವ ಸಾಫ್ಟ್‌ವೇರಿಗೆ ಒಂದೊಂದು ಕಣ್ಣಿಗೂ ಬೇರೆ ಲೈಸೆನ್ಸ್ ಬೇಕಿತ್ತು. ಎರಡೂ ತೆರೆದರೆ ಪರದೆ ಕಪ್ಪಾಗಿ ದಂಡದ ಚೀಟಿ ಬರುತ್ತಿತ್ತು. ಯಜಮಾನ ಪುಟ್ಟಸ್ವಾಮಪ್ಪ ತಮಗೆ, ಅಳಿಯನಿಗೆ, ಇನ್ನು ಮೂವರಿಗೆ ಒಂದೊಂದೇ ಕಣ್ಣು ಕೊಡಿಸಿದ್ದರು. ಪ್ಯಾಕಿಂಗ್ ಹೆಂಗಸರಿಗೆ ಅದೂ ಇಲ್ಲ. ಟೀ ತಂದರೂ ಗೋಡೆಗೆ ಮುಖಮಾಡಿ ನಿಲ್ಲಬೇಕಿತ್ತು.

ವರದಿ ಮಾಡುವ ಕುಮುದಿನಿಗೆ ಆರು ವರ್ಷ ಒಂದೇ ಕಣ್ಣಲ್ಲಿ ದುಡಿದು ತಲೆನೋವು ಅಂಟಿಕೊಂಡಿತ್ತು. ಊರೂರಿನ ಜನ ಸೇರಿ ಬರೆದು ಪುಕ್ಕಟೆ ಹಂಚುತ್ತಿದ್ದ ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಅವಳು ಅಂದು ಹಾಕಿಯೇಬಿಟ್ಟಳು.

“ಎಲ್ರೂ ಎರಡೂ ಕಣ್ಣು ಬಿಡಿ. ಸಾಕಮ್ಮ, ನೀವೂ ತಿರುಗಿ ನೋಡಿ,” ಎಂದು ಟೀ ತಂದು ಗೋಡೆಗೆ ಮುಖಮಾಡಿದ್ದ ಪ್ಯಾಕಿಂಗ್ ಹೆಂಗಸನ್ನೂ ಕರೆದಳು.

“ಪುಕ್ಕಟೆದನ್ನ ನಂಬೋದು ಹೆಂಗಮ್ಮ?” ಎಂದು ಪುಟ್ಟಸ್ವಾಮಪ್ಪ ಗೊಣಗಿದರು. “ಎಡವಟ್ಟಾದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ.”

ಮೂರು ವರ್ಷದಿಂದ ಮಾರಾಟ ಯಾಕೆ ಬೀಳುತ್ತಿದೆ ಎಂದು ಅವರ ಐದು ಕಣ್ಣಿಗೂ ಹೊಳೆದಿರಲಿಲ್ಲ. ಸಾಕಮ್ಮ ಟೀ ತಟ್ಟೆ ಇಳಿಸಿ, ಗ್ರಾಫ್ ಕುಸಿಯಲು ಶುರುವಾದ ಜಾಗಕ್ಕೆ ಬೆರಳಿಟ್ಟಳು.

“ಇದು ಆ ದೀಪಾವಳಿ ತಿಂಗಳಲ್ವಾ? ನಿಮ್ಮಳಿಯಂದ್ರು ಮಲ್ಲಿಗೆ ತೆಗ್ಸಿ ಸ್ಟ್ರಾಬೆರಿ ವಾಸ್ನೆ ಹಾಕ್ಸಿದ್ದು ಆವಾಗ್ಲೇ. ದೇವ್ರ ಮುಂದೆ ಹಚ್ಚುದ್ರೆ ಮಕ್ಳು ಐಸ್‌ಕ್ರೀಮ್ ಎಲ್ಲಿ ಅಂತ ಓಡ್ ಬತ್ತವೆ ಸಾ!”

ಅಳಿಯ ಫ್ಯಾನ್ ನೋಡತೊಡಗಿದ. ಪುಟ್ಟಸ್ವಾಮಪ್ಪ ಹಳೆಯ ಅಭ್ಯಾಸದಂತೆ ಎಡಗಣ್ಣು ಮುಚ್ಚಿದರು. ಗ್ರಾಫ್ ಇನ್ನೂ ಕಾಣುತ್ತಿತ್ತು. ಆಮೇಲೆ ಬಲಗಣ್ಣನ್ನೂ ಮುಚ್ಚಿಕೊಂಡರು.